ಚಿಕ್ಕವಳು ಹಾಕಿದ ಡ್ರೈವರ್

ಅತ್ತೆಯ ಕಂಪ್ಯೂಟರನ್ನು ನಡುಮನೆಯಿಂದ ಹಿಂದಿನ ಕೋಣೆಗೆ ಸಾಗಿಸಿದ ದಿನವೇ ದೊಡ್ಡ ಸೊಸೆಯ ಗ್ರಹಚಾರ ಶುರುವಾಯಿತು. ಅಲ್ಲಿಗೆ ಇಂಟರ್ನೆಟ್ಟಿನ ಕೇಬಲ್ ಎಟುಕುತ್ತಿರಲಿಲ್ಲ. ಅತ್ತೆ ಕಸೂತಿ ಕಲಿಸುವವರು. ಭಾನುವಾರ ಬೆಳಿಗ್ಗೆ ಎಲ್ಲೆಲ್ಲಿಯೋ ಇರುವ ಹೆಂಗಸರು ತೆರೆಯ ಮೇಲೆ ಮುಖ ತೋರಿಸಿ ಅವರಿಂದ ಹೊಲಿಗೆ ಕಲಿಯುತ್ತಿದ್ದರು. ಪಾಠ ನಿಲ್ಲುವ ಹಾಗಿರಲಿಲ್ಲ. ದೊಡ್ಡ ಸೊಸೆ ತಾನಿರುವಾಗ ಯೋಚನೆ ಏಕೆ ಎಂದು ಪೇಟೆಗೆ ಹೋಗಿ, ವೈ-ಫೈ ಹಿಡಿಯುವ, ಹೆಬ್ಬೆರಳಿನಷ್ಟು ಗಾತ್ರದ ಯುಎಸ್‌ಬಿ ಅಡಾಪ್ಟರ್ ತಂದಳು.

ಆ ಮನೆಯಲ್ಲಿ ಕಂಪ್ಯೂಟರ್ ಕೆಮ್ಮಿದರೂ ಸೀನಿದರೂ ಅವಳನ್ನೇ ಕರೆಯುತ್ತಿದ್ದರು. ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು ದಿನವಿಡೀ ಕೀಲಿಮಣೆ ಕುಟ್ಟುವವಳು. ಗೊತ್ತಿದ್ದದ್ದು ಅಷ್ಟಿಷ್ಟು, ಬಿಂಕ ಅದಕ್ಕಿಂತ ತುಸು ಹೆಚ್ಚು. ಆದರೆ ಮೈದುನನ ಮದುವೆಯಾಗಿ ಓರಗಿತ್ತಿ ಬಂದ ಮೇಲೆ ಒಂದೊಂದೇ ಕೈಜಾರುತ್ತಿತ್ತು. ಅಡುಗೆಯ ಹದಕ್ಕೆ ಹೊಗಳಿಸಿಕೊಂಡವಳು ಚಿಕ್ಕವಳು, ಸಿಡುಕು ಮೋರೆಯ ಮಾವನನ್ನು ನಗಿಸಿದವಳೂ ಚಿಕ್ಕವಳೇ. ದೊಡ್ಡವಳ ಪಾಲಿಗೆ ಉಳಿದದ್ದು ಈ ಕಂಪ್ಯೂಟರ್ ಒಂದೇ.

ಅಡಾಪ್ಟರ್ ಚುಚ್ಚಿದಳು. ಕಂಪ್ಯೂಟರ್ ಟಿಣ್ ಎಂದಿತು, ಅಷ್ಟೇ. ಜೋಡಿಸಿದ ಸಲಕರಣೆಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್ ತೆರೆದರೆ ಅಡಾಪ್ಟರಿನ ಪಕ್ಕ ಹಳದಿ ತ್ರಿಕೋನ: ಯಾರೋ ಬಂದಿದ್ದಾರೆ, ಯಾರೆಂದು ತಿಳಿಯದು ಎಂಬ ಗುರುತು. ಗುರುತು ಹಿಡಿಸುವ ತಂತ್ರಾಂಶ, ಅಂದರೆ ಡ್ರೈವರ್, ಬೇಕಿತ್ತು. ಡಬ್ಬಿಯಲ್ಲಿ ಪುಟ್ಟ ಸಿ.ಡಿ. ಇತ್ತು, ಅದನ್ನು ನುಂಗಲು ಕಂಪ್ಯೂಟರಿಗೆ ಬಾಯಿಯೇ ಇರಲಿಲ್ಲ. ಫೋನಿನಲ್ಲಿ ಹುಡುಕಿ ಇಳಿಸಿಕೊಂಡು ಹಾಕಿದಳು, ತ್ರಿಕೋನ ಕದಲಲಿಲ್ಲ. ಕಿತ್ತು ಬೇರೆ ಕಿಂಡಿಗೆ ಚುಚ್ಚಿದಳು. ರೀಸ್ಟಾರ್ಟ್ ಮಾಡಿ ಮಾಡಿ ಬೇಸತ್ತಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆತ್ತಗೆ ಅಂದರು, "ಚಿಕ್ಕವಳು ಒಂದ್ಸಲ ನೋಡ್ಲಿ ಬಿಡಮ್ಮ."

ಚಿಕ್ಕವಳು ಕೈ ಒರೆಸಿಕೊಳ್ಳುತ್ತಾ ಬಂದು, ಅಡಾಪ್ಟರನ್ನು ಕಿತ್ತು ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿದಳು. ಒಂದೇ ಹೆಸರಿನ ಅಡಾಪ್ಟರಿನಲ್ಲೂ ಹಳೆಯದು ಹೊಸದು ಎಂದಿರುತ್ತದೆ, ಒಳಗಿನ ಚಿಪ್ ಬೇರೆ, ಅಕ್ಕ ಹಾಕಿದ್ದು ಹಳೆಯದರ ಡ್ರೈವರ್ ಎಂದು ವಿವರಿಸಿದಳು. ಸರಿಯಾದದ್ದನ್ನು ತನ್ನ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿನಲ್ಲಿ ತಂದು ಹಾಕಿದಳು. ತ್ರಿಕೋನ ಮಾಯವಾಯಿತು. ಅತ್ತೆ ಅವಳ ಕೆನ್ನೆ ತಟ್ಟಿದರು.

ಅದು ದೊಡ್ಡವಳ ಕಣ್ಣಿಗೆ ಕಟ್ಟಿಬಿಟ್ಟಿತು. ಮದುವೆಯಾಗಿ ಇಷ್ಟು ವರ್ಷವಾಯಿತು, ಅತ್ತೆ ತನ್ನ ಕೆನ್ನೆ ಮುಟ್ಟಿದ್ದುಂಟೆ? ಗಂಡನ ಹತ್ತಿರ ಹೇಳಿಕೊಂಡರೆ ಅವನು ಪೇಪರಿನಿಂದ ತಲೆಯನ್ನೂ ಎತ್ತದೆ, ಇಂಟರ್ನೆಟ್ ಬಂತಲ್ಲ, ಇನ್ನೇನು ಎಂದ.

ಚಿಕ್ಕವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಆ ಭಾನುವಾರ ಅವಳ ಪಾಳಿ. ಅವಳು ಹೊಸ್ತಿಲು ದಾಟಿದಳೋ ಇಲ್ಲವೋ, ದೊಡ್ಡವಳು ಹಿಂದಿನ ಕೋಣೆಗೆ ಹೋದಳು. ಅಡಾಪ್ಟರಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅನ್‌ಇನ್‌ಸ್ಟಾಲ್ ಒತ್ತಿ, ಡ್ರೈವರನ್ನೂ ಅಳಿಸಲೇ ಎಂದು ಕೇಳಿದ ಚೌಕಕ್ಕೆ ಟಿಕ್ ಹಾಕಿದಳು.

ಪಾಠದ ಹೊತ್ತಿಗೆ ಅತ್ತೆ ಗಾಬರಿಯಿಂದ ಕೂಗಿದರು. ದೊಡ್ಡವಳು ಏನೂ ಅರಿಯದವಳಂತೆ ಬಂದು ಕೂತಳು. ಅಡಾಪ್ಟರಿನ ಬೆನ್ನಿನ ಮೇಲಿನ ಅಕ್ಷರ ಓದಿ, ಫೋನನ್ನು ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಇಂಟರ್ನೆಟ್ಟಿನಲ್ಲೇ ಸರಿಯಾದ ಡ್ರೈವರ್ ಇಳಿಸತೊಡಗಿದಳು. ಅದು ಅರ್ಧಕ್ಕೆ ನಿಂತಿತು. ಬರದೇ ಹೋದರೆ? ಮತ್ತೊಮ್ಮೆ ಒತ್ತಿದಳು. ಈ ಸಲ ಬಂತು. ತೆರೆಯ ಮೇಲೆ ಮುಖಗಳು ಮೂಡಿದವು. ಚಿಕ್ಕವಳು ಹಾಕಿದ್ದು ಕೈಕೊಟ್ಟಿತ್ತು, ದೊಡ್ಡವಳು ಸರಿಮಾಡಿದಳು ಎಂದು ಅತ್ತೆ ಆ ಹೆಂಗಸರಿಗೆಲ್ಲ ಹೇಳಿದರು. ದೊಡ್ಡವಳು ಕೆನ್ನೆ ಮುಂದೆ ಮಾಡಿಕೊಂಡೇ ಒಂದು ಕ್ಷಣ ನಿಂತಳು. ಅತ್ತೆಯ ಕೈ ಆಗಲೇ ಸೂಜಿಗೆ ದಾರ ಪೋಣಿಸುತ್ತಿತ್ತು.

ಸಂಜೆ ಚಹಾ ಕುಡಿಯುವಾಗ ಅದೇ ಮಾತು ಮತ್ತೆ ಬಂತು. ಚಿಕ್ಕವಳು ಓರಗಿತ್ತಿಯ ಮುಖವನ್ನು ಒಮ್ಮೆ ನೋಡಿ, "ಹೌದತ್ತೆ, ನಾನೇ ಏನೋ ತಪ್ಪು ಹಾಕಿರ್ಬೇಕು" ಅಂದಳು.

ದೊಡ್ಡವಳಿಗೆ ಒಳ್ಳೆಯತನದಲ್ಲೂ ಇವಳದೇ ಮೇಲುಗೈ ಆಯಿತಲ್ಲ ಎಂದು ಇನ್ನಷ್ಟು ಉರಿಯಿತು.

ಲೋಟ ತೊಳೆಯುವಾಗ ಚಿಕ್ಕವಳು ಪಕ್ಕಕ್ಕೆ ಬಂದು ನಿಂತಳು. "ಅಕ್ಕ, ಆ ಡ್ರೈವರ್ ತಾನಾಗಿ ಹೋಗೋದಲ್ಲ."

"ಗೊತ್ತು."

"ಅತ್ತೆಗೆ ಹೇಳಲ್ಲ ಬಿಡಿ. ಆದ್ರೆ ಅವರು ನನ್ನ ಕರೆಯೋದು ಏನಾದ್ರೂ ಕೆಟ್ಟಾಗ ಮಾತ್ರ. ಮಂಡಿ ನೋವು ಬಂದ್ರೆ, ಮನಸ್ಸಿಗೆ ಬೇಜಾರಾದ್ರೆ ನೀವೇ ಬೇಕು. ನೀವಿಬ್ರೂ ಬಾಗಿಲು ಹಾಕ್ಕೊಂಡು ಮಾತಾಡ್ತಾ ಕೂತ್ರೆ ನಂಗೆ ಹೇಗಾಗುತ್ತೆ ಗೊತ್ತಾ?"

ದೊಡ್ಡವಳಿಗೆ ಅದು ಹೊಳೆದೇ ಇರಲಿಲ್ಲ. ಕೇಳಿ ಕನಿಕರ ಹುಟ್ಟಬೇಕಿತ್ತು, ಹುಟ್ಟಿದ್ದು ಖುಷಿ. ಅದನ್ನು ಮುಖದಲ್ಲಿ ತೋರಗೊಡದೆ, ಕೈಯಲ್ಲಿದ್ದ ಲೋಟವನ್ನು ಮತ್ತೆ ಮತ್ತೆ ಉಜ್ಜಿದಳು.

ಮುಂದಿನ ಭಾನುವಾರ ಪಾಠದ ನಡುವೆ ಕಂಪ್ಯೂಟರಿನಿಂದ ಮಾತು ತುಂಡುತುಂಡಾಗಿ ಬರತೊಡಗಿದಾಗ ಅತ್ತೆ ಚಿಕ್ಕವಳನ್ನು ಕೂಗಿದರು. ದೊಡ್ಡವಳು ಅವಳ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಚಿಕ್ಕವಳು ತಿರುಗಿ ನೋಡಲಿಲ್ಲ, ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದು ಜಾಗ ಮಾಡಿದಳು. ದೊಡ್ಡವಳು ಹೋಗಿ ಕೂತಳು. ಕೂತವಳೇ ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು.