ಮೊದಲ ರೋಡ್ ರೋಲರಿನ ಉಬ್ಬು

ಕಾರ್ಖಾನೆ ತಯಾರಿಸಿದ ಮೊಟ್ಟಮೊದಲ ರೋಡ್ ರೋಲರಿನ ತುಕ್ಕನ್ನು ಉಜ್ಜುತ್ತಿದ್ದವಳ ಕೈ, ಚಕ್ರದ ಒಳಮೂಲೆಯ ಒಂದು ಉಬ್ಬಿನ ಮೇಲೆ ನಿಂತಿತು. ಹೆಬ್ಬೆರಳಿನಷ್ಟೇ ಗಾತ್ರ, ಪಕ್ಕದಲ್ಲಿ ಎರಡು ಗೆರೆ.

ಆಗೆಲ್ಲ ಎರಕದ ಅಚ್ಚು ಕಟ್ಟುವವರು ಹಸಿ ಮರಳಿಗೆ ಹೆಬ್ಬೆರಳು ಒತ್ತಿ ಗುರುತು ಮಾಡುತ್ತಿದ್ದರು; ಆ ಗುಳಿ ಕಬ್ಬಿಣದಲ್ಲಿ ಉಬ್ಬಾಗಿ ಮೂಡುತ್ತಿತ್ತು. ಎರಕ ಕೆಟ್ಟರೆ ಯಾರ ಕೈ ಎಂದು ತಿಳಿಯಬೇಕಲ್ಲ. ಪಕ್ಕದಲ್ಲಿ ಉಗುರಿನಿಂದ ಎರಡು ಗೆರೆ ಎಳೆಯುತ್ತಿದ್ದವಳು ಇವಳ ಅಮ್ಮ.

"ಏನಕ್ಕಾ, ರೋಲರಿಗೆ ಕಾಲು ಒತ್ತುತಿದೀಯಾ?" ಮೇಸ್ತ್ರಿ ನಕ್ಕ. "ಉಬ್ಬುಗಿಬ್ಬು ಇದ್ರೆ ಗ್ರೈಂಡರ್ ಹಿಡಿದು ಸಪಾಟು ಮಾಡ್ಬಿಡು. ನಾಳೆ ಕಂಪನಿಯ ಐವತ್ತನೇ ವರ್ಷದ ಸಮಾರಂಭ, ಫೋಟೋದಲ್ಲಿ ಕನ್ನಡಿ ಥರ ಹೊಳೀಬೇಕು."

"ಅಚ್ಚಿನ ಮನೇಲಿ ಹೆಂಗಸ್ರೂ ಇದ್ರು, ಅಲ್ವಾ ಅಣ್ಣಾ?"

"ಹೆಂಗಸ್ರಾ? ಗೋಡೆ ಮೇಲೆ ಫೋಟೋ ಸಮೇತ ಕಂಪನಿ ಚರಿತ್ರೆ ಬರೆಸಿದಾರಲ್ಲ, ಹೋಗಿ ನೋಡು. ಬರೀ ಮೀಸೆಗಳೇ!"

ಅವಳೂ ನಕ್ಕಳು. ಆಯಸ್ಸೆಲ್ಲ ಮರಳು ಕುಟ್ಟಿದ ಅಮ್ಮನ ಒಂದು ಫೋಟೋ ಕೂಡ ಆ ಗೋಡೆಯ ಮೇಲಿರಲಿಲ್ಲ. ಮೇಸ್ತ್ರಿ ಅತ್ತ ಹೋದ ಮೇಲೆ ಗ್ರೈಂಡರ್ ಚಾಲೂ ಮಾಡಿ, ಕೇಳುವವರ ಕಿವಿಗೆ ಬೀಳಲೆಂದು ಗಾಳಿಯಲ್ಲೇ ಸ್ವಲ್ಪ ಹೊತ್ತು ತಿರುಗಿಸಿದಳು. ಆಮೇಲೆ ಬ್ರಷ್ಷನ್ನು ಹಳದಿ ಬಣ್ಣಕ್ಕೆ ಅದ್ದಿ, ಗೆರೆಗಳು ಮುಚ್ಚಿಹೋಗದ ಹಾಗೆ, ಉಬ್ಬಿನ ಮೇಲೆ ತೆಳ್ಳಗೆ ಎಳೆದಳು.