ಮುಂದಿನ ಸೀಟು

"ಈ ತಗಡಿನ ತೇಪೆ ನೋಡಿ," ಎಂದು ಮ್ಯೂಸಿಯಮ್ಮಿನ ಗೈಡ್ ಲೈಲ್ ಹಳದಿ ವಿಮಾನದೊಳಕ್ಕೆ ಟಾರ್ಚ್ ಬಿಟ್ಟ. "ಮುಂದಿನ ಸೀಟಿನ ಅಡಿಯಲ್ಲಿ. ಯುದ್ಧದ ಕಾಲದಲ್ಲಿ ಯಾರೋ ಮೆಕ್ಯಾನಿಕ್ ಹಾಕಿದ್ದು. ಒಂದೇ ಗಂಟೇಲಿ ವಿಮಾನ ಮತ್ತೆ ಮೇಲೆ!"

ಹಗ್ಗದ ಈಚೆ ನಿಂತಿದ್ದ ನಾಲ್ಕೈದು ಜನ ತಲೆದೂಗಿದರು. ಟೀನಾ ಪೆನ್ನರ್‌ಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಅದು ನಮ್ಮಪ್ಪ ಹೊಡೆದದ್ದು ಕಣಪ್ಪಾ. ತೂತಿನಿಂದ ಮೊಟ್ಟೆ ಕೆಳಗೆ ಬೀಳ್ತಿದ್ವು."

"ಅಮ್ಮಾ, ಸುಮ್ನಿರು," ಮಗಳು ಮಾರ್ಲೀಸ್ ತೋಳು ಹಿಡಿದಳು.

"ಯಾಕೆ ಸುಮ್ನಿರ್ಲಿ? ಡಿಕ್ ಅವರ ಹೊಲದಲ್ಲಿ ಸಿಕ್ಕಿದ್ದು ಅಂತ ಬೋರ್ಡಲ್ಲೇ ಬರ್ದಿದಾರೆ. ಆ ಡಿಕ್ ಮಗಳು ನಾನು."

ಯುದ್ಧ ಮುಗಿದ ಮೇಲೆ ಮ್ಯಾನಿಟೋಬಾ ಪ್ರಾಂತ್ಯದ ರೈತರು ಇಂಥ ತರಬೇತಿ ವಿಮಾನಗಳನ್ನು ಹರಾಜಿನಲ್ಲಿ ಕೊಂಡು ತಂದಿದ್ದರು, ಗಾಲಿಗೆಂದು, ಟ್ಯಾಂಕಿನ ಪೆಟ್ರೋಲಿಗೆಂದು. ಬಂದೂಕು ಮುಟ್ಟದ ಮೆನೊನೈಟ್ ಪಂಥದವರ ಮನೆಯಂಗಳಕ್ಕೆ ಸೈನ್ಯದ ವಿಮಾನ ಬಂತೆಂದು ಚರ್ಚಿನ ಹಿರಿಯರು ಮುಖ ಸಿಂಡರಿಸಿದಾಗ ಟೀನಾಳ ಅಪ್ಪ ಅದರೊಳಗೆ ಕೋಳಿ ಬಿಟ್ಟ. ಮತ್ತೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ಸೀಟು ಬೆಳಿಗ್ಗೆ ಕೋಳಿಗಳದು, ಸಂಜೆ ಪಕ್ಕದ ಹೊಲದ ಹುಡುಗ ಕಾರ್ನಿಯದು. ಟೀನಾಗೆ ಹಿಂದಿನದು. ಎಷ್ಟು ಗೋಗರೆದರೂ "ಪೈಲಟ್ ನಾನು" ಅನ್ನುತ್ತಿದ್ದ. ದೊಡ್ಡವಳಾದ ಮೇಲೆ ಅವನನ್ನೇ ಮದುವೆಯಾದಳು. ಐವತ್ತೆಂಟು ವರ್ಷ ಕಾರಿನಲ್ಲೂ ಅವನೇ ಮುಂದೆ ಕೂತು ಓಡಿಸಿದ. ಈ ಮಾರ್ಚಿನಲ್ಲಿ, ಹಿಮ ಕರಗುವ ಮೊದಲೇ, ಹೋದ. ಆಮೇಲೆ ಏನು ಬೇಕಮ್ಮ ಎಂದು ಯಾರು ಕೇಳಿದರೂ ಟೀನಾ ಏನೂ ಬೇಡ ಅನ್ನುತ್ತಿದ್ದಳು. ಬೇಕೆಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

"ಒಂದ್ಸಲ ಮುಂದೆ ಕೂತ್ಕೋತೀನಿ."

"ಹಗ್ಗ ದಾಟೋ ಹಾಗಿಲ್ಲ ಅಮ್ಮಾ. ಮೇಯರ್ ಬಂದಾಗ್ಲೂ ಬಿಟ್ಟಿಲ್ಲ."

"ಮೇಯರು ಇದ್ರಲ್ಲಿ ಮೊಟ್ಟೆ ಎತ್ತಿದ್ನಾ?"

ಜನ ಗೊಳ್ಳೆಂದರು. ಲೈಲ್ ಕಿವಿವರೆಗೂ ಕೆಂಪಾದ. ಆರು ವರ್ಷ ಮೊಣಕಾಲೂರಿ ಈ ವಿಮಾನಕ್ಕೆ ಬಟ್ಟೆ ಹೊದಿಸಿ, ಬಣ್ಣ ಹಚ್ಚಿದವನು ಅವನು. ತೇಪೆಯನ್ನು ಮಾತ್ರ ಭಕ್ತಿಯಿಂದ ಮುಟ್ಟದೆ ಬಿಟ್ಟಿದ್ದ.

"ಹಾಗಾದ್ರೆ ಅದರ ಕೆಳಮೈಯಲ್ಲಿ ಏನಿದೆ ಹೇಳಿ ನೋಡೋಣ."

"ಸಿರಪ್ ಡಬ್ಬದ ತಗಡು. ಹಸಿರು ಅಕ್ಷರ ಇರುತ್ತೆ."

ಲೈಲ್ ವಿಮಾನದ ಕೆಳಗೆ ನುಸುಳಿ ಸಣ್ಣ ಮುಚ್ಚಳವೊಂದನ್ನು ಬಿಚ್ಚಿದ. ಸ್ವಲ್ಪ ಹೊತ್ತು ಅವನ ಬೂಟುಗಳಷ್ಟೇ ಕಾಣುತ್ತಿದ್ದವು. ಆಮೇಲೆ ಆ ಬೂಟುಗಳು ಕುಲುಕತೊಡಗಿದವು.

"ಸಿರಪ್ಪೇ! ಅಯ್ಯೋ ದೇವ್ರೇ, ಈ ಡಬ್ಬಕ್ಕೆ ಎಷ್ಟು ಜನರ ಕೈಲಿ ಸೆಲ್ಯೂಟ್ ಹೊಡೆಸಿದೀನಿ!"

ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದವನು ಹಗ್ಗದ ಕೊಂಡಿ ಕಳಚಿ, ಏಣಿ ಎಳೆದು ತಂದ.

"ಕಾರ್ ಹತ್ತೋಕೇ ಮಂಡಿ ನೋವು ಅಂತಿದ್ದೆ," ಹಿಂದಿನಿಂದ ಒತ್ತು ಕೊಡುತ್ತ ಮಾರ್ಲೀಸ್ ಗೊಣಗಿದಳು.

"ಅಲ್ಲಿ ಪಕ್ಕದ ಸೀಟು ಕಣೇ, ಅದಕ್ಕೇ."

ಟೀನಾ ಕುಳಿತಳು. ಎದುರಿಗೆ ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ಅದರಾಚೆ ಗೋಧಿ ಹೊಲ, ಆಮೇಲೆ ಬರೀ ಆಕಾಶ.

"ಎಲ್ಲಿಗಮ್ಮಾ ಹೊರಟಿದ್ದು?" ಲೈಲ್ ಕೆಳಗಿನಿಂದ ಕೂಗಿದ.

ಅವಳು ಒಮ್ಮೆ ತಿರುಗಿ ಹಿಂದಿನ ಸೀಟನ್ನು ನೋಡಿದಳು. ಮತ್ತೆ ಮುಂದಕ್ಕೆ ತಿರುಗುವಾಗ ಎಡಗೈ ತಾನಾಗಿಯೇ ಸೀಟಿನ ಅಡಿಗೆ ಹೋಯಿತು, ತಡಕಿತು, ನಿಂತಿತು. ನಿಧಾನವಾಗಿ ಮೇಲೆ ಬಂತು, ಬೆರಳುಗಳು ಸಡಿಲವಾಗಿ ಮಡಚಿಕೊಂಡು, ಒಳಗಿರುವ ಮೊಟ್ಟೆ ಇನ್ನೂ ಬೆಚ್ಚಗಿದೆ ಎಂಬಂತೆ.