ನಿಚ್ಚಳ ಎಂಬ ಹೆಸರಿನ ಅಕ್ಷರಗಳು

ನಾನು ಒಂದು ಕನ್ನಡ ಫಾಂಟ್. ಹೆಸರು ನಿಚ್ಚಳ. ಬಳುಕು, ಅಲಂಕಾರಗಳಿಲ್ಲದ, ಉದ್ದಕ್ಕೂ ಒಂದೇ ದಪ್ಪ ಉಳಿಸಿಕೊಳ್ಳುವ ಗೆರೆಯ ಅಕ್ಷರಗಳು ನನ್ನವು. ತೆಳು, ಸಾಧಾರಣ, ದಪ್ಪ ಎಂದು ನಾವು ಮೂವರು ಒಡಹುಟ್ಟಿದವರು.

ನನ್ನನ್ನು ಬರೆದವರು ಗದಗಿನ ಚಿತ್ರಕಲಾ ಶಿಕ್ಷಕಿ ದಾಕ್ಷಾಯಿಣಿ ಕಮ್ಮಾರ. ಅವರ ಅಕ್ಕ ನೀಲವ್ವನ ಕಣ್ಣು ಮಂಜಾಗುತ್ತಿತ್ತು. ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣುತ್ತಿದ್ದವು. ಅದಕ್ಕೇ ನನ್ನ ಗೆರೆಗಳ ನಡುವೆ ಅಷ್ಟು ಬಯಲು ಬಿಟ್ಟರು. ನೀಲವ್ವ ನನ್ನಲ್ಲಿ ಒಂದು ಪುಟ ಪೂರ್ತಿ ಓದಿದ ದಿನ ಅಕ್ಕತಂಗಿಯರಿಬ್ಬರೂ ಅತ್ತರು.

ಆಮೇಲೆ ನನ್ನನ್ನು ಜಾಲತಾಣಕ್ಕೆ ಹಾಕಿದರು. ಇಳಿಸಿಕೊಳ್ಳಬಹುದು, ಹಂಚುವಂತಿಲ್ಲ, ತಿದ್ದುವಂತಿಲ್ಲ. ಯಾರೂ ಬರಲಿಲ್ಲ. ಜಿಪ್ ಫೈಲಿನೊಳಗೆ ಮುದುಡಿಕೊಂಡು ವರ್ಷಗಟ್ಟಲೆ ಬಿದ್ದಿದ್ದೆ.

ಒಮ್ಮೆ ಮಂಗಳೂರಿನಿಂದ ಗ್ಲಾಡಿಸ್ ಪಿಂಟೊ ಫೋನ್ ಮಾಡಿದರು. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಕಂಪ್ಯೂಟರುಗಳಿಗೆ ಫಾಂಟುಗಳನ್ನು ಪ್ಯಾಕೇಜ್ ಮಾಡಿ, ಅಂದರೆ ನೇರವಾಗಿ ಸೇರಿಸಿಕೊಳ್ಳಲು ಬರುವಂತೆ ಕಟ್ಟಿಕೊಡುವುದು ಅವರ ಬಿಡುವಿನ ಕೆಲಸ.

“ಮೇಡಂ, ನಿಮ್ಮ ಫಾಂಟ್ ಭಾರಿ ಚಂದ ಉಂಟು. ಯಾರು ಬೇಕಾದ್ರೂ ಬಳಸ್ಲಿ, ಹಂಚ್ಲಿ ಅಂತ ಮುಕ್ತ ಲೈಸೆನ್ಸ್ ಕೊಟ್ರೆ ಎಲ್ಲ ಕಡೆ ಹೋಗ್ತದೆ.”

“ತಿದ್ದಾಕೂ ಬಿಡಬೇಕೇನ್ರಿ?”

“ಹೌದು, ಅದು ಬಿಡ್ಲೇಬೇಕು.”

“ಹಂಗಾರ ಬ್ಯಾಡ್ರಿ. ಯಾರೋ ಕೆಡಿಸಿದ ಅಕ್ಷರ ನಮ್ಮಕ್ಕನ ಕಣ್ಣಿಗೆ ಬೀಳೂದು ಬ್ಯಾಡ.”

ಬಾಗಿಲು ಮತ್ತೆ ಮುಚ್ಚಿತು. ಮುಚ್ಚಿದ್ದು ನನ್ನನ್ನು ಹೆತ್ತ ಕೈಯೇ ಆದ್ದರಿಂದ ದೂರುವುದು ಹೇಗೆಂದು ತಿಳಿಯಲಿಲ್ಲ.

ಅದೇ ವರ್ಷ ಊರಿನ ಗ್ರಂಥಾಲಯಕ್ಕೆ ಲಿನಕ್ಸ್ ಕಂಪ್ಯೂಟರುಗಳು ಬಂದವು. ಪತ್ರಿಕೆ ಓದುವ ಆಸೆಯಿಂದ ನೀಲವ್ವ ಕೋಲೂರಿಕೊಂಡು ಹೋಗಿ, ನನ್ನನ್ನು ಹಾಕಿಕೊಡಿ ಎಂದು ಕೇಳಿದರು. “ಪ್ಯಾಕೇಜಿನ್ಯಾಗ ಇಲ್ಲದ್ದು ಹಾಕಾಕ ಬರಂಗಿಲ್ಲಬೇ,” ಎಂದರು ಅಲ್ಲಿಯವರು. ನೀಲವ್ವ ಮನೆಗೆ ಬಂದವರೇ ತಂಗಿಯ ಎದುರು ಕುಸಿದು ಕೂತರು.

“ನಿನ್ನ ಅಕ್ಷರ ಈ ಮನಿ ಬಿಟ್ಟು ಹೊರಗ ಬರಂಗಿಲ್ಲಂದ್ರ, ನಾನೂ ಇದರಾಗ ಕೊಳೀಬೇಕೇನ ದಾಕ್ಷಿ?”

ದಾಕ್ಷಾಯಿಣಿ ತಾವೇ ಮಂಗಳೂರಿಗೆ ಫೋನ್ ಮಾಡಿದರು. ಗ್ಲಾಡಿಸ್ ಸಮಾಧಾನದಿಂದ ಹೇಳಿದರು: “ತಿದ್ದಿದವರು ನಿಚ್ಚಳ ಅಂತ ಕರೆಯುವ ಹಾಗಿಲ್ಲ, ಬೇರೆ ಹೆಸರಿಡಬೇಕು. ಹಾಗೆ ಲೈಸೆನ್ಸಲ್ಲೇ ಬರೆಯುವ.”

“ಬರೀರಿ ಹಂಗಾರ,” ಎಂದರು ದಾಕ್ಷಾಯಿಣಿ.

ಈಗ ನಾನು ಎಷ್ಟೋ ಕಂಪ್ಯೂಟರುಗಳಲ್ಲಿದ್ದೇನೆ. ಹೆಚ್ಚಿನವರು ನನ್ನನ್ನು ಆರಿಸುವುದಿಲ್ಲ. ಕರೆಯದೆ ಹೊರಬರುವ ದಾರಿ ನನಗಿಲ್ಲ. ಹೊಸ ಫಾಂಟುಗಳು ಬಂದಿವೆ, ನಾನು ಹಳಬನಾಗಿದ್ದೇನೆ.

ನೀಲವ್ವ ಮಾತ್ರ ಈಗಲೂ ನನ್ನನ್ನೇ ಆರಿಸಿ ಓದಲು ಗ್ರಂಥಾಲಯಕ್ಕೆ ಬರುತ್ತಾರೆ. ಅವರ ಕಣ್ಣಲ್ಲಿ ಉಳಿದಿರುವ ಬೆಳಕು ಕಡಿಮೆ. ಮೊನ್ನೆ ನನ್ನನ್ನು ಹಿಗ್ಗಿಸುತ್ತಾ ಹೋದರು. ಕೊನೆಗೆ ಪರದೆಯ ತುಂಬ ಒಂದೇ ಅಕ್ಷರ ಉಳಿಯಿತು. ಅದರ ಗೆರೆಯ ಮೇಲೆ ಬೆರಳಾಡಿಸಿ, “ಳ ಐತಿ,” ಎಂದರು.

ಅವರು ಮುಂದಿನ ಅಕ್ಷರಕ್ಕೆ ಹೋಗುವವರೆಗೂ ನಾನು ಅಲುಗದೆ ನಿಂತೆ.